ಬೆಳಿಗ್ಗೆ ಮಂಜುನಾಥ, ಮಧ್ಯಾಹ್ನ ಸೇಂಟ್ ಮೇರಿ!

ಭಾವನ ಫೋನು ಬಂದ್ರೆ ನನಗೆ ಮೊದಲು ಖುಷಿ, ಆಮೇಲೆ ಭಯ. ಖುಷಿ ಯಾಕಂದ್ರೆ ಅಕ್ಕ, ಮಕ್ಕಳು ಊರಿಗೆ ಬರ್ತಾರೆ. ಭಯ ಯಾಕಂದ್ರೆ ಭಾವನ ಹತ್ರ ಒಂದು ಪಟ್ಟಿ ಇರ್ತದೆ.

ಕಳೆದ ಡಿಸೆಂಬರಿನ ಪಟ್ಟಿ ಹೀಗಿತ್ತು. ಶುಕ್ರವಾರ ರಾತ್ರಿ ಬೆಂಗಳೂರು ಬಿಡುವುದು. ಶನಿವಾರ ಬೆಳಗಾಗುವಾಗ ಕುಕ್ಕೆ ಸುಬ್ರಹ್ಮಣ್ಯ. ಅಲ್ಲಿಂದ ಧರ್ಮಸ್ಥಳ, ದರ್ಶನ, ಊಟ. ನಮ್ಮ ಮನೆಯಲ್ಲಿ ಕಾಫಿ (ಅರ್ಧ ಗಂಟೆ! ಅಮ್ಮನಿಗೆ ಕೊಟ್ಟದ್ದು ಅರ್ಧ ಗಂಟೆ!). ದಾರಿಯಲ್ಲಿ ವೇಣೂರು, ಮೂಡುಬಿದಿರೆ, "ಕಾರಿಂದ ಇಳಿಯದಿದ್ರೂ ನಡೀತದೆ". ರಾತ್ರಿ ಮಲ್ಪೆಯಿಂದ ಸ್ವಲ್ಪ ಉತ್ತರಕ್ಕೆ ಕಡಲ ಬದಿ ಟೆಂಟು, ಬೆಂಕಿ ಹಾಕಿ ಕೂರುವುದು. ಭಾನುವಾರ ಬೆಳಗ್ಗೆ ಉಡುಪಿ ಕೃಷ್ಣ, ಆಮೇಲೆ ಸೇಂಟ್ ಮೇರೀಸ್ ದ್ವೀಪ, ಆಮೇಲೆ ಮುರ್ಡೇಶ್ವರ, "ಟೈಮ್ ಸಿಕ್ಕಿದ್ರೆ" ಕೊಲ್ಲೂರು. ಸೋಮವಾರ ಬೆಳಗ್ಗೆ ಆಫೀಸು.

ದ್ವೀಪಕ್ಕೆ ಇದ್ದದ್ದು ಒಂದೂವರೆ ಗಂಟೆ, ಬೋಟಲ್ಲಿ ಹೋಗಿ ಬರುವುದೂ ಸೇರಿ.

ನಾನು ಹುಟ್ಟಿ ಬೆಳೆದದ್ದು ಉಜಿರೆ ಆಚೆ, ಧರ್ಮಸ್ಥಳಕ್ಕೆ ಹೋಗುವ ಬಸ್ಸಿನ ಹಾರನ್ ಕೇಳುವಷ್ಟು ದೂರದಲ್ಲಿ. ಚಿಕ್ಕಂದಿನಿಂದ ಈ ಪಟ್ಟಿಗಳನ್ನು ನೋಡ್ತಾ ಬಂದಿದ್ದೇನೆ. ಮುಂಚೆ ಟೂರಿಸ್ಟ್ ಬಸ್ಸಿನ ಎದುರಿನ ಗಾಜಿನಲ್ಲಿ ಕಾಗದ ಅಂಟಿಸಿ ಬರೀತಿದ್ರು, ಧರ್ಮಸ್ಥಳ ಸುಬ್ರಹ್ಮಣ್ಯ ಶೃಂಗೇರಿ ಹೊರನಾಡು ಅಂತ. ನಾಲ್ಕೂ ದೇವಸ್ಥಾನ, ನಾಲ್ಕೂ ಘಟ್ಟದ ಆಚೀಚೆ. ಈಗ ಅದೇ ಪಟ್ಟಿಗೆ ಕಡಲು ಸೇರಿಕೊಂಡಿದೆ, ಕಡಲಿನ ಜೊತೆ ದ್ವೀಪ ಸೇರಿಕೊಂಡಿದೆ. ಬೆಳಿಗ್ಗೆ ಆರೂವರೆಗೆ ಬಾಗಿಲು ತೆಗೆಯುವಾಗ ಮಂಜುನಾಥನ ಎದುರು, ಮಧ್ಯಾಹ್ನ ಮೂರಕ್ಕೆ ನೂರು ಕಿಲೋಮೀಟರ್ ಹತ್ತಿರ ಓಡಿ ಮಲ್ಪೆಯ ಬೋಟಿನಲ್ಲಿ. ಚಹಾದ ಅಂಗಡಿಯಲ್ಲಿ ಟೆಂಪೋ ಟ್ರಾವೆಲರ್ ನಿಲ್ಲಿಸಿ ನಮ್ಮನ್ನೇ ಕೇಳ್ತಾರೆ, "ಸಾರ್, ಐಲ್ಯಾಂಡಿಗೆ ಲಾಸ್ಟ್ ಬೋಟ್ ಎಷ್ಟೊತ್ತಿಗೆ?" ಅಂತ. ಮಲೆನಾಡಿನ ಬುಡದಲ್ಲಿ ನಿಂತು ದ್ವೀಪದ ಬೋಟು ಕೇಳುವವರಿಗೆ ನಾನಾದ್ರೂ ಏನು ಹೇಳ್ಲಿ?

ನನಗೆ ಸಿಟ್ಟು ಬರುವುದು ಈ ಪಟ್ಟಿಯ ಮೇಲೆ. ನೇರವಾಗಿಯೇ ಹೇಳಿಬಿಡ್ತೇನೆ: ದೇವಸ್ಥಾನ ಸುತ್ತುವ ಪ್ಯಾಕೇಜಿನಲ್ಲಿ ದ್ವೀಪ ಇರಕೂಡದು. ಹೋಗುವುದಾದ್ರೆ ದ್ವೀಪಕ್ಕೆ ಅಂತಲೇ ಒಂದು ದಿನ ಕೊಟ್ಟು ಹೋಗಿ. ಇಲ್ಲದಿದ್ರೆ ಮಲ್ಪೆಯ ದಂಡೆಯಲ್ಲಿ ನಿಂತು, ಅಗೋ ಅಲ್ಲಿ ಕಾಣ್ತದೆ ಅಂತ ಮಕ್ಕಳಿಗೆ ತೋರಿಸಿ ವಾಪಸು ಬನ್ನಿ.

ಇದನ್ನು ಭಾವನಿಗೂ ಹೇಳಿದೆ. "ನಿನಗೇನಪ್ಪಾ, ಪಕ್ಕದಲ್ಲೇ ಇದ್ದೀಯ, ಬೇಕಾದಾಗ ಹೋಗ್ತೀಯ. ನಮಗೆ ವರ್ಷಕ್ಕೆ ಸಿಗೋದೇ ಎರಡು ದಿನ ರಜ" ಅಂದ್ರು. ಇದಕ್ಕೆ ಉತ್ತರ ಆಮೇಲೆ ಕೊಡ್ತೇನೆ, ಯಾಕಂದ್ರೆ ಅದು ಸುಳ್ಳು ಮಾತಲ್ಲ.

ಕೊನೆಗೆ ಅಕ್ಕ ಕರೆದಳು ಅಂತ ನಾನೂ ಜೊತೆಗೆ ಹೋದೆ.

ಟೆಂಟಿನ ರಾತ್ರಿ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳ್ಬೇಕು. ಡಿಸೆಂಬರಿನಲ್ಲಿ ಕಡಲು ಶಾಂತ. ದೂರದಲ್ಲಿ ಮೀನುಗಾರಿಕೆ ಬೋಟುಗಳ ದೀಪ ಸಾಲಾಗಿ ಕಾಣ್ತದೆ, ಅಲ್ಲೊಂದು ಊರೇ ಇದ್ದ ಹಾಗೆ. ಅಕ್ಕನ ಮಗ (ನಾಲ್ಕನೇ ಕ್ಲಾಸು) ಮಲಗಲೇ ಇಲ್ಲ. ಬೆಳಗ್ಗೆ ಐದೂವರೆಗೆ ನನ್ನನ್ನು ಎಬ್ಬಿಸಿ "ಮಾಮ, ಸಮುದ್ರ ಹಿಂದೆ ಹೋಗಿದೆ!" ಅಂದ. ನಿನ್ನೆ ಸಂಜೆ ನೀರಿದ್ದ ಜಾಗದಲ್ಲಿ ಈಗ ಒದ್ದೆ ಮರಳು. ನಾವಿಬ್ಬರೂ ಅದರ ಮೇಲೆ ನಡೆದೆವು. ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ, ಪ್ರತಿದಿನ ಐವತ್ತು ನಿಮಿಷದ ಹಾಗೆ ಹಿಂದಕ್ಕೆ ಹೋಗ್ತದೆ ಅಂತ ಹೇಳಿದೆ. "ಹಾಗಾದ್ರೆ ನಾಳೆ ಆರು ಇಪ್ಪತ್ತಕ್ಕಾ?" ಅಂತ ಕೇಳಿದ. ಹುಡುಗನಿಗೆ ಲೆಕ್ಕ ಅರ್ಥ ಆಯ್ತು. ಆ ಎರಡು ಗಂಟೆ ಅವನು ಕಡಲಿನ ಹತ್ರ ಕಲಿತದ್ದನ್ನು ಉಳಿದ ಇಡೀ ಪ್ರವಾಸದಲ್ಲಿ ಕಲಿಯಲಿಲ್ಲ. ಯಾಕಂದ್ರೆ ಎಂಟು ಗಂಟೆಗೆ ಪಟ್ಟಿ ಶುರುವಾಯ್ತು.

ಉಡುಪಿಯಲ್ಲಿ ಕ್ಯೂ. ರಜೆಯ ಭಾನುವಾರ ಅಲ್ವಾ. ದರ್ಶನ ಮುಗಿದು, ಊಟ ಮುಗಿದು, ಮಲ್ಪೆ ಮುಟ್ಟುವಾಗ ಎರಡು ಗಂಟೆ. ಅಲ್ಲಿ ಬೋಟಿಗೆ ಮತ್ತೆ ಕ್ಯೂ. ಕಡಲಲ್ಲಿ ಕೆಲಸ ಮಾಡುವ ಯಾರನ್ನು ಬೇಕಾದ್ರೂ ಕೇಳಿ, ಈ ಕಾಲದಲ್ಲಿ ಬೆಳಗ್ಗೆ ನೀರು ಎಣ್ಣೆಯ ಹಾಗೆ ಇರ್ತದೆ, ಬಿಸಿಲೇರಿ ನೆಲ ಕಾದ ಮೇಲೆ ಕಡಲಿಂದ ಗಾಳಿ ಎದ್ದು ಮಧ್ಯಾಹ್ನಕ್ಕೆ ಅಲೆ ಜೋರು. ಹಾಗಾಗಿ ದ್ವೀಪಕ್ಕೆ ಹೋಗುವ ಹೊತ್ತು ಬೆಳಗ್ಗೆ. ಆದ್ರೆ ಬೆಳಗ್ಗಿನ ಹೊತ್ತು ಯಾವತ್ತೂ ದೇವರದ್ದು, ದ್ವೀಪದ್ದಲ್ಲ. ಪಟ್ಟಿ ಮಾಡುವವನು ಗಾಳಿ ನೋಡುವುದಿಲ್ಲ, ಭರತ ನೋಡುವುದಿಲ್ಲ, ದೇವಸ್ಥಾನದ ಬಾಗಿಲು ಮುಚ್ಚುವ ಹೊತ್ತು ಮಾತ್ರ ನೋಡ್ತಾನೆ. ಹಾಗಾಗಿ ಇಡೀ ಕರ್ನಾಟಕದ ಜನ ದ್ವೀಪಕ್ಕೆ ಹೋಗುವುದು ಅಲ್ಲಿಗೆ ಹೋಗಬಾರದ ಹೊತ್ತಿನಲ್ಲಿ, ಹೊಟ್ಟೆ ತುಂಬಾ ಉಂಡು, ಹಿಂದಿನ ರಾತ್ರಿ ನಿದ್ದೆ ಇಲ್ಲದೆ.

ಇನ್ನು ಆ ದ್ವೀಪದ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳ್ತೇನೆ, ಯಾಕಂದ್ರೆ ಪಟ್ಟಿಯಲ್ಲಿ ಇದಕ್ಕೆ ಜಾಗ ಇಲ್ಲ.

ಮಲ್ಪೆಯಿಂದ ಪಶ್ಚಿಮಕ್ಕೆ ಕಡಲಿನಲ್ಲಿ ನಾಲ್ಕು ಮುಖ್ಯ ದ್ವೀಪಗಳು, ಜೊತೆಗೆ ಒಂದಷ್ಟು ಬಂಡೆಗಳು. ಊರವರ ಬಾಯಲ್ಲಿ ತೋನ್ಸೆಪಾರ್. ವಾಸ್ಕೋ ಡ ಗಾಮ 1498ರಲ್ಲಿ ಈ ದಾರಿಯಲ್ಲಿ ಹೋಗುವಾಗ ಮೇರಿಯ ಹೆಸರಿಟ್ಟ ಅಂತ ಕತೆ, ಆ ಹೆಸರೇ ಉಳೀತು. ಜನ ಹೋಗುವುದು ತೆಂಗಿನ ಮರ ಇರುವ ದ್ವೀಪಕ್ಕೆ. ಯಾರೂ ವಾಸ ಇಲ್ಲ. ಉದ್ದ ಅರ್ಧ ಕಿಲೋಮೀಟರ್ ಆಸುಪಾಸು, ಅಗಲ ನೂರು ಮೀಟರಿನ ಹಾಗೆ. ನಮ್ಮೂರಿನ ಒಂದು ದೊಡ್ಡ ಅಡಿಕೆ ತೋಟದಷ್ಟು, ಅಷ್ಟೇ.

ಅಲ್ಲಿ ಇರುವುದು ಕಂಬಗಳು. ಕಲ್ಲಿನ ಕಂಬಗಳು, ಐದು ಮೂಲೆ, ಆರು ಮೂಲೆ, ಏಳು ಮೂಲೆಯವು, ಒಂದಕ್ಕೊಂದು ಅಂಟಿಸಿ ನಿಲ್ಲಿಸಿದ ಹಾಗೆ. ಅಕ್ಕನ ಮಗ ಕೇಳಿದ್ದು ಸರಿಯಾದ ಪ್ರಶ್ನೆ: "ಮಾಮ, ಇದನ್ನು ಯಾರು ಕಟ್ಟಿದ್ದು?"

ಯಾರೂ ಕಟ್ಟಿದ್ದಲ್ಲ. ಏಪ್ರಿಲಿನಲ್ಲಿ ಗದ್ದೆ ಒಣಗಿದಾಗ ಮಣ್ಣು ಬಿರುಕು ಬಿಡ್ತದಲ್ಲ, ಚಪ್ಪಡಿ ಚಪ್ಪಡಿ ಆಗಿ? ಅದೇ ಲೆಕ್ಕ. ಕರಗಿದ ಕಲ್ಲು ಹರಿದು ಬಂದು ನಿಂತು ನಿಧಾನಕ್ಕೆ ತಣ್ಣಗಾಗ್ತಾ ಕುಗ್ಗಿತು, ಕುಗ್ಗುವಾಗ ಮೇಲಿಂದ ಬಿರುಕು ಬಿಟ್ಟಿತು, ಬಿರುಕು ಹಾಗೇ ಆಳಕ್ಕೆ ಇಳಿಯಿತು. ಗದ್ದೆಯ ಬಿರುಕು ಒಂದು ಗೇಣು, ಇಲ್ಲಿ ಆಳೆತ್ತರಕ್ಕೂ ಮಿಕ್ಕಿ. ಇದು ನಡೆದದ್ದು ಹತ್ತಿರ ಹತ್ತಿರ ಎಂಟೂವರೆ ಒಂಬತ್ತು ಕೋಟಿ ವರ್ಷದ ಹಿಂದೆ. ಆಗ ಮಡಗಾಸ್ಕರ್ ನಮ್ಮ ಈ ಕರಾವಳಿಗೆ ಅಂಟಿಕೊಂಡಿತ್ತು. ಅದು ಬಿಟ್ಟು ಹೊರಟಾಗ ನೆಲ ಸೀಳಿ ಮೇಲೆ ಬಂದ ಕಲ್ಲು ಇದು ಅಂತ ಭೂವಿಜ್ಞಾನಿಗಳು ಹೇಳ್ತಾರೆ. ಎಲ್ಲರೂ ಬಸಾಲ್ಟ್ ಅಂತ ಬರೀತಾರೆ, ದಖ್ಖನ್ನಿನ ಕಪ್ಪು ಕಲ್ಲಿನ ಹಾಗೆ. ಇದು ಅದಲ್ಲ. ಇದು ಬೇರೆ ಜಾತಿಯ ಕಲ್ಲು, ರಯೋಲೈಟ್ ಬಳಗದ್ದು, ದಖ್ಖನ್ನಿನ ಕಲ್ಲಿಗಿಂತ ಎರಡು ಕೋಟಿ ವರ್ಷಕ್ಕೆ ದೊಡ್ಡಣ್ಣ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಹೆಸರಿಸಿದೆ. ಇಡೀ ದೇಶದಲ್ಲಿ ಅಂಥವು ಕೆಲವೇ ಡಜನ್ ಉಂಟು.

ಅಂದ್ರೆ ಆಫ್ರಿಕಾದ ಬದಿಯ ಒಂದು ದೇಶ ನಮ್ಮಿಂದ ಬೇರೆಯಾದದ್ದಕ್ಕೆ ಸಾಕ್ಷಿ ಇಲ್ಲಿ ನಿಂತಿದೆ ಮಾರಾಯ್ರೆ! ನಾವು ಅದರ ಮೇಲೆ ನಿಂತು ಎರಡು ಬೆರಳು ತೋರಿಸಿ ಫೋಟೋ ತೆಗೆದು, ಚಿಪ್ಸಿನ ಪ್ಯಾಕೆಟು ಬಿರುಕಿಗೆ ಸಿಕ್ಕಿಸಿ ಬರ್ತೇವೆ. ಒಂದು ಕಂಬದ ಮೇಲೆ ಹೃದಯ ಕೆತ್ತಿ, ಬಾಣ ಕೆತ್ತಿ, ಎರಡು ಹೆಸರು ಕೆತ್ತಿದ್ದನ್ನು ನೋಡಿದೆ. ಒಂಬತ್ತು ಕೋಟಿ ವರ್ಷ ಯಾರೂ ಮುಟ್ಟದ ಕಲ್ಲಿಗೆ ಕಾರಿನ ಕೀಲಿಯಿಂದ ಗೀರುವವನ ಪ್ರೀತಿ ಎಷ್ಟು ವರ್ಷ ಬಾಳ್ತದೋ.

ಇಲ್ಲಿ ನನ್ನ ಧರ್ಮಸ್ಥಳದ ಮಾತು ಬರ್ತದೆ. ಧರ್ಮಸ್ಥಳದ ಗುಡ್ಡದ ಮೇಲೆ 39 ಅಡಿಯ ಬಾಹುಬಲಿ ಉಂಟು. ರೆಂಜಾಳ ಗೋಪಾಲಕೃಷ್ಣ ಶೆಣೈ ಅವರು ಕಾರ್ಕಳದಲ್ಲಿ ಕೆತ್ತಿದ ಏಕಶಿಲೆ, ಪ್ರತಿಷ್ಠೆ ಆದದ್ದು 1982ರಲ್ಲಿ. ಅಂದ್ರೆ ನನ್ನ ಅಕ್ಕನಿಗಿಂತ ಒಂದೆರಡು ವರ್ಷ ಹಿರಿದು. ಅಲ್ಲಿಗೆ ಹೋದ ಇದೇ ಜನ ಚಪ್ಪಲಿ ಕೆಳಗೆ ಬಿಡ್ತಾರೆ, ಕತ್ತೆತ್ತಿ ನೋಡ್ತಾರೆ, ಕೈ ಮುಗೀತಾರೆ. ಯಾರೂ ಬಾಹುಬಲಿಯ ಕಾಲಿನ ಮೇಲೆ ಹೆಸರು ಕೆತ್ತುವುದಿಲ್ಲ. ಮಂಜುನಾಥನ ಕ್ಯೂನಲ್ಲಿ ಎರಡು ಮೂರು ಗಂಟೆ, ಮಗುವನ್ನು ಸೊಂಟದಲ್ಲಿಟ್ಟು, ಒಬ್ಬರ ಬೆವರು ಇನ್ನೊಬ್ಬರಿಗೆ ತಾಗಿಕೊಂಡು, ಗೊಣಗದೆ ನಿಲ್ತಾರೆ. ಅಂಗಿ ತೆಗೀರಿ ಅಂದ್ರೆ ತೆಗೀತಾರೆ. ಅನ್ನಛತ್ರದಲ್ಲಿ ಬಾಗಿಲು ತೆಗೆಯುವವರೆಗೆ ಕಾದು, ಸಾಲಾಗಿ ಕೂತು, ಉಂಡು ಏಳ್ತಾರೆ. ಇಷ್ಟು ಶಿಸ್ತಿನ ಜನ ನಾವು! ಕಾಯಲಿಕ್ಕೆ ಬರುವುದಿಲ್ಲ ಅಂತ ಯಾರೂ ನಮ್ಮ ಬಗ್ಗೆ ಹೇಳುವ ಹಾಗಿಲ್ಲ.

ಅದೇ ಜನ, ಅದೇ ದಿನ, ದ್ವೀಪದಲ್ಲಿ ಇಳಿದ ಕೂಡಲೇ ಬದಲಾಗ್ತಾರೆ. ಹಗ್ಗ ಕಟ್ಟಿದ್ದನ್ನು ದಾಟ್ತಾರೆ. ಕಾವಲಿನ ಹುಡುಗ ಸೀಟಿ ಊದಿದ್ರೆ ನಗ್ತಾರೆ. ಯಾಕೆ? ಅಲ್ಲಿ ದೇವರಿಲ್ಲ ಅಂತಲಾ? ನನಗನ್ನಿಸುವುದು ಬೇರೆ. ದೇವಸ್ಥಾನದಲ್ಲಿ ಗಂಟೆಗಟ್ಟಲೆ ಕಾದ ತಾಳ್ಮೆ ಅಲ್ಲೇ ಖರ್ಚಾಗಿ ಹೋಗಿರ್ತದೆ. ದ್ವೀಪಕ್ಕೆ ಉಳಿಯುವುದು ಅವಸರ ಮಾತ್ರ.

ನಮ್ಮ ಜೊತೆ ಆದದ್ದನ್ನೂ ಹೇಳ್ತೇನೆ. ಭಾವ ಓದಿದ್ರೆ ಬೇಸರ ಮಾಡ್ಕೊಳ್ಬಾರ್ದು, ಅವರ ಹತ್ರ ಕೇಳಿಯೇ ಬರೀತಿದ್ದೇನೆ.

ದ್ವೀಪದಲ್ಲಿ ಇಳಿಯುವಾಗ ಮೂರೂಕಾಲು. ಭಾವ ಗಡಿಯಾರ ನೋಡಿ, "ನಾಲ್ಕಕ್ಕೆ ವಾಪಸು ಬೋಟು ಹಿಡಿಯದಿದ್ರೆ ಮುರ್ಡೇಶ್ವರ ಕ್ಯಾನ್ಸಲ್. ಬೇಗ ಬೇಗ ಫೋಟೋ ಮುಗಿಸಿ" ಅಂದ್ರು. ದಂಡೆಯ ಮೇಲೆ ಪೂರಾ ಚಿಪ್ಪು, ಮರಳಿಗಿಂತ ಚಿಪ್ಪೇ ಜಾಸ್ತಿ. ಹುಡುಗ ಕೂತು ಹೆಕ್ಕಲಿಕ್ಕೆ ಶುರು ಮಾಡಿದ. ಭಾವ ಅವನನ್ನು ಎಬ್ಬಿಸಿ ಕಂಬಗಳ ಕಡೆ ಕರ್ಕೊಂಡು ಹೋದ್ರು. ಎಲ್ಲರೂ ಫೋಟೋ ತೆಗೆಯುವ ಜಾಗದಲ್ಲಿ ಜನ. ಕಾಯಬೇಕು. ಕಾಯಲಿಕ್ಕೆ ಹೊತ್ತಿಲ್ಲ. ಹಾಗಾಗಿ ಸ್ವಲ್ಪ ಆಚೆ, ಹಗ್ಗದಿಂದ ಹೊರಗೆ, ನೀರಿನ ಬದಿಯ ತಗ್ಗು ಕಂಬಗಳ ಮೇಲೆ ಹುಡುಗನನ್ನು ನಿಲ್ಲಿಸಿದ್ರು. ನಾನು ಅಕ್ಕನ ಚಿಕ್ಕ ಮಗಳನ್ನು ಎತ್ತಿಕೊಂಡು ಹಿಂದೆ ಇದ್ದೆ. ಬೇಡ ಅಂತ ನಾನು ಕೂಗಿದ್ದೂ ಹೌದು, ಕೂಗಿದ್ದು ತಡವಾದದ್ದೂ ಹೌದು.

ಬೆಳಗ್ಗೆ ಇಳಿದಿದ್ದ ನೀರು ಈಗ ಏರಿ, ಇಳಿಯಲಿಕ್ಕೆ ಶುರುವಾಗಿತ್ತು. ಹಾಗಾಗಿ ಕಲ್ಲು ಒದ್ದೆ, ಮೇಲೆ ಪಾಚಿ. ಒಂದು ದೊಡ್ಡ ಅಲೆ ಏನೂ ಬರಲಿಲ್ಲ, ಸಿನಿಮಾದ ಹಾಗೆ ಏನೂ ಆಗಲಿಲ್ಲ. ಹುಡುಗ ಸುಮ್ಮನೆ ಜಾರಿದ. ಜಾರಿ ಎರಡು ಕಂಬದ ನಡುವಿನ ಸಂದಿಗೆ ಬಿದ್ದ. ಕಲ್ಲಿಗೆ ಅಂಟಿದ ಚಿಪ್ಪುಗಳು ಬ್ಲೇಡಿನ ಹಾಗೆ, ಮೊಣಕಾಲು ಅಂಗೈ ಎಲ್ಲ ಸೀಳಿತು. ಆ ಸಂದಿ ಇದ್ದದ್ದರಿಂದ ಅಲ್ಲೇ ನಿಂತ. ಸಂದಿ ಇಲ್ಲದಿದ್ರೆ ಮುಂದೆ ಇದ್ದದ್ದು ನೀರು, ಅದು ಎಷ್ಟು ಆಳ ಅಂತ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕಾವಲಿನ ಹುಡುಗ ಓಡಿ ಬಂದು ಬಗ್ಗಿ ಎತ್ತಿದ. ಬೈಯಲಿಲ್ಲ. ನನ್ನ ಮುಖ ನೋಡಿ ಊರವ ಅಂತ ಗೊತ್ತಾಯ್ತೋ ಏನೋ, "ಎಂಚಿನ ಮಾರ್ರೆ..." ಅಂದ, ಅಷ್ಟೇ. ನನಗೆ ಅದು ನೂರು ಬೈಗುಳಕ್ಕಿಂತ ಜಾಸ್ತಿ ತಾಗಿತು.

ನಾಲ್ಕರ ಬೋಟು ಸಿಕ್ಕಿತು. ಮುರ್ಡೇಶ್ವರಕ್ಕೆ ಹೋಗಲಿಲ್ಲ, ಹುಡುಗನ ಕಾಲಿಗೆ ಡ್ರೆಸ್ಸಿಂಗ್ ಮಾಡಿಸಲಿಕ್ಕೆ ಹೋದೆವು.

ನಮ್ಮದು ಮೊಣಕಾಲಿನಲ್ಲಿ ಮುಗಿಯಿತು. ಎಲ್ಲರದ್ದೂ ಹಾಗೆ ಮುಗಿಯುವುದಿಲ್ಲ. 2022ರ ಏಪ್ರಿಲ್‌ನಲ್ಲಿ ಇದೇ ದ್ವೀಪದಲ್ಲಿ ಕೇರಳದಿಂದ ಪ್ರವಾಸ ಬಂದಿದ್ದ ಮೂವರು ಕಾಲೇಜು ಹುಡುಗರು ಸಮುದ್ರಪಾಲಾದ್ರು. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರೆಗೆ ಹೋಗಿ ವಾಪಸು ಬರುವಾಗ ದೋಣಿ ಮಗುಚಿ 16 ಜನ ತೀರಿಕೊಂಡ್ರು, ಮಕ್ಕಳೂ ಇದ್ದರು ಅದರಲ್ಲಿ. ಅದು ದೇವರು ಮತ್ತು ದ್ವೀಪ ಎರಡೂ ಒಂದೇ ದಿನ ಸೇರಿದ ಜಾಗ. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದಲ್ಲಿ, ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸ ಬಂದಿದ್ದ ನಾಲ್ಕು ಹುಡುಗಿಯರು ನೀರಿಗಿಳಿದು ಮತ್ತೆ ಬರಲಿಲ್ಲ. ಕೋಲಾರದಿಂದ ಬಂದ ಆ ಮಕ್ಕಳಿಗೆ ಕಡಲು ಅಂದ್ರೆ ಎಂತ ಅಂತ ಹೇಳಿಕೊಟ್ಟವರು ಯಾರು? ನನ್ನ ಅಕ್ಕನ ಮಗನಿಗೆ ಸಿಕ್ಕಿದ ಆ ಬೆಳಗ್ಗಿನ ಎರಡು ಗಂಟೆ, ಒದ್ದೆ ಮರಳಿನ ಮೇಲೆ ನಡೆಯುವ ಹೊತ್ತು, ಅವರಿಗೂ ಸಿಕ್ಕಿದ್ರೆ?

ಕಡಲು ಗೊತ್ತಿಲ್ಲದವರ ಮಾತು ಬಿಡಿ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ಏಳು ಮೀನುಗಾರರ ಸಮೇತ ಕಾಣೆಯಾಯ್ತು. ತಿಂಗಳುಗಟ್ಟಲೆ ಹುಡುಕಿ, ಮುಂದಿನ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣದ ಆಚೆ ತಳದಲ್ಲಿ ಅದರ ಅವಶೇಷ ನೌಕಾಪಡೆಗೆ ಸಿಕ್ಕಿತು. ಕಡಲಲ್ಲೇ ಬದುಕಿದ ಏಳು ಜನ. ಮಲ್ಪೆಯ ಮನೆಗಳಲ್ಲಿ ಕಡಲು ಅಂದ್ರೆ ಅದು. ಆ ದಂಡೆಯಲ್ಲಿ ನಿಂತು ನಾವು "ಬೇಗ ಬೇಗ, ನಾಲ್ಕಕ್ಕೆ ಬೋಟು" ಅಂತೇವೆ.

ಪ್ರತಿ ಸಲ ಇಂಥದ್ದು ಆದಾಗ ಏನಾಗ್ತದೆ ಗೊತ್ತಲ್ಲ. ಒಂದಷ್ಟು ದಿನ ಬೀಚು ಬಂದ್. ಪೇಪರಿನಲ್ಲಿ ಫೋಟೋ. ಒಬ್ಬರಿಬ್ಬರು ಸಸ್ಪೆಂಡ್. ಮತ್ತೆ ಓಪನ್. ಇನ್ನೊಂದು ಗುಂಪಿನವರು ಬೇಲಿ ಹಾಕಿ, ಕಾವಲು ಹೆಚ್ಚಿಸಿ ಅಂತಾರೆ. ಕಾವಲು ಬೇಕು, ನಮ್ಮ ಹುಡುಗನನ್ನು ಎತ್ತಿದ್ದು ಕಾವಲಿನವನೇ. ಆದ್ರೆ ಮೂರು ಗಂಟೆಯ ನಂತರ ಒಟ್ಟಿಗೇ ಬಂದು ಇಳಿಯುವ ನೂರಾರು ಜನ, ಎಲ್ಲರ ಕೈಯಲ್ಲೂ ಮೊಬೈಲು, ಎಲ್ಲರಿಗೂ ಅವಸರ. ಅವನು ಎಷ್ಟು ಕಡೆ ಓಡ್ಲಿ?

ಮತ್ತೆ ಸರಕಾರದವರಿಗೆ ಪ್ರವಾಸೋದ್ಯಮ ಅಂದ ಕೂಡಲೇ ಹೊಳೆಯುವುದು ಹೊಸ ಆಟಿಕೆ. 2022ರ ಮೇ ತಿಂಗಳಲ್ಲಿ, ಇನ್ನೇನು ಮಳೆಗಾಲ ಬರ್ತದೆ ಅನ್ನುವಾಗ, ಮಲ್ಪೆಯಲ್ಲಿ ತೇಲುವ ಸೇತುವೆ ಉದ್ಘಾಟನೆ ಆಯ್ತು. ಮೂರ್ನಾಲ್ಕು ದಿನದಲ್ಲಿ ಅಲೆಗೆ ಬಿಚ್ಚಿ ಹೋಯ್ತು. ಮಲ್ಪೆಯ ಯಾವ ಅಜ್ಜಿಯನ್ನು ಕೇಳಿದ್ರೂ ಮೇ ತಿಂಗಳಲ್ಲಿ ಬೇಡ ಮಗಾ ಅಂತಿದ್ರು :-)

ಬೇರೆ ದೇಶದವರು ಏನು ಮಾಡ್ತಾರೆ? ಸ್ಪೇನಿನ ಅಟ್ಲಾಂಟಿಕ್ ಬದಿಯಲ್ಲಿ, ವೀಗೋ ಅನ್ನುವ ಊರಿನ ಎದುರು, ಸೀಯೆಸ್ ಅಂತ ದ್ವೀಪಗಳುಂಟು. ನಮ್ಮ ಹಾಗೆಯೇ ಅಲ್ಲೂ ಜನ ಕಡಲ ಬದಿ ಟೆಂಟು ಹಾಕಿ ರಜೆ ಕಳೀತಾರೆ, ಒಂದು ದಿನ ದ್ವೀಪ ನೋಡಿ ಬರ್ತಾರೆ. ಬೇಸಗೆಯಲ್ಲಿ ದಿನಕ್ಕೆ 1800 ಜನ ಮಾತ್ರ. ಮೊದಲು ಹೆಸರು ಬರೆಸಿ ಅನುಮತಿ ತಗೊಳ್ಬೇಕು, ಅನುಮತಿ ಇದ್ರೆ ಮಾತ್ರ ಬೋಟಿನ ಟಿಕೆಟ್ಟು. ಕಸದ ಡಬ್ಬಿ ಹುಡುಕಿದ್ರೆ ಸಿಗುವುದಿಲ್ಲ, ನಿಮ್ಮ ಕಸ ನಿಮ್ಮ ಚೀಲದಲ್ಲೇ ವಾಪಸು. ಐರ್ಲೆಂಡಿನ ಸ್ಕೆಲಿಗ್ ಮೈಕೆಲ್ ಇನ್ನೂ ಕಟ್ಟುನಿಟ್ಟು. ಸಾವಿರ ವರ್ಷಕ್ಕೂ ಹಿಂದಿನ ಸನ್ಯಾಸಿಗಳ ಕಲ್ಲಿನ ಗುಡಿಸಲುಗಳಿರುವ ಬಂಡೆ ಅದು, ಆರುನೂರು ಮೆಟ್ಟಿಲು ಹತ್ತಬೇಕು. ದಿನಕ್ಕೆ 180 ಜನ, ಅದೂ ವರ್ಷದಲ್ಲಿ ಕೆಲವೇ ತಿಂಗಳು. ಕಡಲು ಸರಿ ಇಲ್ಲದಿದ್ರೆ ಆ ದಿನ ಹೋಗುವುದೇ ಇಲ್ಲ, ನೀವು ಎಷ್ಟು ದೂರದಿಂದ ಬಂದಿದ್ರೂ.

ವಿದೇಶದವರು ಮಾಡಿದ್ದೆಲ್ಲ ಸರಿ ಅಂತ ಹೇಳುವ ಜಾತಿಯವ ನಾನಲ್ಲ. ಆದ್ರೆ ಆ ಸ್ಕೆಲಿಗ್ ಕೂಡ ಒಂದು ಪುಣ್ಯಕ್ಷೇತ್ರವೇ ಅಲ್ವಾ? ಕ್ಷೇತ್ರಕ್ಕೆ ನಿಯಮ ಇರ್ತದೆ, ಅದನ್ನು ಪಾಲಿಸುವುದೇ ಯಾತ್ರೆ ಅಂತ ನಮಗೆ ಯಾರೂ ಕಲಿಸಬೇಕಾಗಿಲ್ಲ. ಶಬರಿಮಲೆಗೆ ಆನ್‌ಲೈನಿನಲ್ಲಿ ಹೊತ್ತು ಗೊತ್ತು ಮಾಡಿಕೊಂಡು ಹೋಗುವ ನಮಗೆ, ತಿರುಪತಿಗೆ ತಿಂಗಳುಗಟ್ಟಲೆ ಮೊದಲೇ ಟಿಕೆಟ್ ತೆಗೆಯುವ ನಮಗೆ, ಸೇಂಟ್ ಮೇರೀಸಿಗೆ ನಿನ್ನೆಯೇ ಟಿಕೆಟ್ ತೆಗೆಯಿರಿ ಅಂದ್ರೆ ಕಷ್ಟವಾ? ಬೆಳಗ್ಗೆ ಮಾತ್ರ ಕರ್ಕೊಂಡು ಹೋಗಿ. ದಿನಕ್ಕೆ ಇಷ್ಟೇ ಜನ ಅಂತ ಮಾಡಿ, ಅದನ್ನು ಮಂತ್ರಿಯ ನೆಂಟರು ಬಂದ್ರೂ ಮುರಿಯಬೇಡಿ. ಬೋಟಿಗೆ ಕಾಯುವ ಹೊತ್ತಿನಲ್ಲಿ ಆ ಕಂಬ ಹೇಗೆ ಆಯ್ತು ಅಂತ ಹತ್ತು ನಿಮಿಷ ಕನ್ನಡದಲ್ಲಿ ಹೇಳಲಿಕ್ಕೆ ಒಬ್ಬರನ್ನು ಇಡಿ. ಮಲ್ಪೆಯಲ್ಲೇ ಓದಿದ ಹುಡುಗ ಹುಡುಗಿಯರು ಬೇಕಾದಷ್ಟು ಜನ ಇದ್ದಾರೆ, ಅವರಿಗೊಂದು ಕೆಲಸವೂ ಆಯ್ತು. ಶಾಲೆಯವರಂತೂ ದ್ವೀಪ, ಬೀಚು ಪಟ್ಟಿಯಲ್ಲಿ ಇಟ್ಟರೆ ಆ ದಿನ ಬೇರೇನೂ ಇರಕೂಡದು ಅಂತ ಇಲಾಖೆ ಒಂದು ಸಾಲಿನ ಆದೇಶ ಮಾಡಿದ್ರೆ ಸಾಕು. ನಾಲ್ಕು ಸ್ಪಾಟು ಸುತ್ತಿ ಸುಸ್ತಾದ ಮೇಷ್ಟ್ರು ಐವತ್ತು ಮಕ್ಕಳನ್ನು ಸಂಜೆಯ ಅಲೆಯ ಎದುರು ಕಾಯುವುದು ಮನುಷ್ಯರಿಂದ ಆಗುವ ಕೆಲಸ ಅಲ್ಲ.

ಈಗ ಭಾವನ ಮಾತಿಗೆ ಬರ್ತೇನೆ. ಎರಡೇ ದಿನ ರಜ, ನಿನಗೇನು ಪಕ್ಕದಲ್ಲಿದ್ದೀಯ ಅಂತ ಅಂದ್ರಲ್ಲ. ಸತ್ಯವೇ. ಗುಲ್ಬರ್ಗದಿಂದ, ರಾಯಚೂರಿನಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬರುವ ಕುಟುಂಬಕ್ಕೆ ಜೀವನದಲ್ಲಿ ಒಂದೇ ಸಲ ಕಡಲು. ಅವರಿಗೆ "ಇನ್ನೊಮ್ಮೆ ಬನ್ನಿ" ಅಂತ ಹೇಳಲಿಕ್ಕೆ ನನಗೆ ಬಾಯಿ ಬರುವುದಿಲ್ಲ. ದ್ವೀಪ ಅವರಿಗೂ ಸೇರಿದ್ದು, ಉಡುಪಿಯವರ ಅಪ್ಪನ ಆಸ್ತಿ ಅಲ್ಲ. ಹಾಗಂತಲೇ ಕೇಳ್ತೇನೆ, ಒಂದೇ ಸಲ ನೋಡುವ ಕಡಲನ್ನು ಯಾಕೆ ಮುಕ್ಕಾಲು ಗಂಟೆ ನೋಡ್ಬೇಕು? ಪಟ್ಟಿಯಿಂದ ಎರಡು ಹೆಸರು ತೆಗೆದು ಹಾಕಿ. ಯಾವುದನ್ನು ತೆಗೆಯಬೇಕು ಅಂತ ನಾನು ಹೇಳುವುದಿಲ್ಲ, ದೇವಸ್ಥಾನ ತೆಗೀರಿ ಅಂದ್ರೆ ನನ್ನ ಅಮ್ಮನೇ ನನ್ನನ್ನು ಮನೆಯಿಂದ ಹೊರಗೆ ಹಾಕ್ತಾರೆ. ದ್ವೀಪವನ್ನೇ ತೆಗೆದ್ರೂ ಸರಿ. ಮಂಜುನಾಥನ ದರ್ಶನ ಮಾಡಿ, ನೇತ್ರಾವತಿಯ ಸ್ನಾನಘಟ್ಟದ ಹತ್ತಿರ ಒಂದು ಸಂಜೆ ಸುಮ್ಮನೆ ಕೂತು ಹೋದವರು ಏನೂ ಕಳ್ಕೊಳ್ಳುವುದಿಲ್ಲ. ಅದೇ ನೀರು ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಸೇರಿಸಿಕೊಂಡು ಮಂಗಳೂರಿನ ಹತ್ತಿರ ಕಡಲಿಗೆ ಹೋಗ್ತದೆ. (ಘಟ್ಟದಲ್ಲಿ ಬಟ್ಟೆ, ಶಾಂಪೂ ಪ್ಯಾಕೆಟು ಬಿಟ್ಟು ಹೋಗುವವರೇ, ಅದೂ ಅದೇ ದಾರಿಯಲ್ಲಿ ಹೋಗ್ತದೆ, ಗೊತ್ತಿರಲಿ.)

ಬೈಯುವುದು ಬರೀ ಘಟ್ಟದ ಮೇಲಿನವರನ್ನು ಅಂತ ತಿಳ್ಕೊಳ್ಬೇಡಿ. ಈ ಪಟ್ಟಿ ಮಾಡಿಕೊಡುವವರು ನಾವೇ. ಬಾಡಿಗೆ ಕಾರಿನವ ನಮ್ಮವ, ಹೋಂಸ್ಟೇಯವ ನಮ್ಮವ, ಟೆಂಟು ಹಾಕುವವ ನಮ್ಮವ. "ಎರಡು ದಿನದಲ್ಲಿ ಎಂಟು ಸ್ಪಾಟ್" ಅಂತ ಬರೆದದ್ದಕ್ಕೆ ಜಾಸ್ತಿ ಗಿರಾಕಿ, ಆರು ಅಂತ ಬರೆದವನಿಗೆ ಕಡಿಮೆ. ನಾವು ಉಳಿದ ಟೆಂಟಿನವರು ಬೆಂಕಿ, ಹಾಡು, ಮೀನು ಫ್ರೈ ಎಲ್ಲ ಚೆನ್ನಾಗಿ ಮಾಡಿದ್ರು. ಭರತ ಎಷ್ಟೊತ್ತಿಗೆ, ಎಲ್ಲಿ ಇಳಿಯಬಾರದು ಅಂತ ಒಂದು ಮಾತು ಹೇಳಲಿಲ್ಲ. ಹೇಳಿದ್ರೆ ಗಿರಾಕಿ ಹೆದರ್ತಾನೆ ಅಂತ ಇರಬೇಕು. ಮತ್ತೆ ನಾನೂ ಸಾಚಾ ಅಲ್ಲ. ಕಾಲೇಜಿನ ದಿನಗಳಲ್ಲಿ ಬೆಂಗಳೂರಿನ ಗೆಳೆಯರಿಗೆ "ನಾನು ರೂಟ್ ಹಾಕಿ ಕೊಡ್ತೇನೆ" ಅಂತ ಎಷ್ಟು ಪಟ್ಟಿ ಬರೆದು ಕೊಟ್ಟಿದ್ದೇನೋ. ಧರ್ಮಸ್ಥಳದಿಂದ ಮಲ್ಪೆಗೆ ಎರಡೂವರೆ ಗಂಟೆ ಸಾಕು, ಮೂರರ ಬೋಟು ಆರಾಮಾಗಿ ಸಿಗ್ತದೆ ಅಂತ ಬರೆದದ್ದು ನನ್ನ ಕೈಯೇ. ಕಾಸು ಬಿಡ ತಿಮ್ಮಪ್ಪ, ಮಾತು ಬಿಡ ಮಂಜುನಾಥ ಅಂತಾರೆ ನಮ್ಮಲ್ಲಿ. ಮಂಜುನಾಥನ ಊರಿನ ಪಕ್ಕ ಕೂತು ಬರೆದ ಮಾತು ತಾನೇ. ಆ ಲೆಕ್ಕ ನನ್ನ ಮೇಲೂ ಉಂಟು.

ಭಾವ ಮೊನ್ನೆ ಮತ್ತೆ ಫೋನ್ ಮಾಡಿದ್ರು. ಬರುವ ರಜೆಗೆ ಬರ್ತಾರಂತೆ. ಹುಡುಗನ ಮೊಣಕಾಲಿನಲ್ಲಿ ಬೆರಳುದ್ದದ ಗುರುತು ಉಳಿದಿದೆ, ಕ್ಲಾಸಿನಲ್ಲಿ ಎಲ್ಲರಿಗೂ ತೋರಿಸ್ತಾನಂತೆ. ಈ ಸಲ ಪಟ್ಟಿ ಚಿಕ್ಕದು ಅಂದ್ರು: ಧರ್ಮಸ್ಥಳ, ನಮ್ಮ ಮನೆ, ಟೆಂಟು. "ಮತ್ತೆ ಟೈಮ್ ಸಿಕ್ಕಿದ್ರೆ ನೇತ್ರಾಣಿ" ಅಂದ್ರು ಕೊನೆಗೆ ಮೆಲ್ಲ. ಅದು ಮುರ್ಡೇಶ್ವರದಿಂದ ಕಡಲಿನಲ್ಲಿ ಹತ್ತೊಂಬತ್ತು ಕಿಲೋಮೀಟರಿನ ಹಾಗೆ ಭಾವ, ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಫೋನು ಅಕ್ಕನ ಕೈಗೆ ಹೋಯ್ತು.